ಸಾರವೆ ಕೆಲಸದಲ್ಲಿ ಒಬ್ಬರು ಎಷ್ಟು ಕೆಜಿ ಎತ್ತಬಹುದು?

ಓದುಗರ ಪ್ರಶ್ನೆ: ನಾವು ಪೈಪ್ ಸಾರವೆ ಕಟ್ಟುವ ಕೆಲಸದವರು. ಒಬ್ಬ ಗಂಡಸು 55 ಕೆಜಿ ಎತ್ತಬಹುದು, ಕಾನೂನಿನಲ್ಲೇ ಇದೆ ಅಂತ ನಮ್ಮ ಮೇಸ್ತ್ರಿ ಹೇಳುತ್ತಾರೆ. ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದ ಹುಡುಗನೊಬ್ಬ 25ಕ್ಕಿಂತ ಜಾಸ್ತಿ ಎತ್ತಬಾರದು ಅಂತಾನೆ. ಯಾವುದು ಸರಿ ಸಾರ್?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಸಾರವೆ ಮೇಲೆ ನಿಂತು ಕೆಲಸ ಮಾಡುವಾಗ ಆ ಎರಡು ಲೆಕ್ಕಗಳಲ್ಲಿ ಯಾವುದನ್ನೂ ಹಾಗೇ ನಂಬಿಕೊಂಡು ಎತ್ತಬಾರದು.

ಮೊದಲು 55. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಒಂದು ಕಾಯ್ದೆ ಬಂತು, ಅದರ ಕೇಂದ್ರ ನಿಯಮಗಳು 1998ರಲ್ಲಿ ಬಂದವು. ಒಬ್ಬರೇ ಕೈಯಲ್ಲಿ ಎತ್ತುವುದಕ್ಕೆ, ತಲೆ, ಬೆನ್ನು ಅಥವಾ ಹೆಗಲ ಮೇಲೆ ಹೊರುವುದಕ್ಕೆ ಅದರಲ್ಲಿ ಮಿತಿ ಹಾಕಿದ್ದಾರೆ. ಗಂಡಸಿಗೆ 55 ಕೆಜಿ, ಹೆಂಗಸಿಗೆ 30 ಕೆಜಿ. ಆ ಕಾಯ್ದೆ ಈಗ ಕೆಲಸದ ಸುರಕ್ಷತೆಯ 2020ರ ಹೊಸ ಸಂಹಿತೆಯೊಳಗೆ (ಹಲವು ಕಾಯ್ದೆ ಸೇರಿಸಿ ಮಾಡಿದ ಒಂದೇ ಕಾನೂನು) ಸೇರಿದೆ, ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೂ ಬಂದಿದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 55 ಅನ್ನುವುದು ದಾಟಬಾರದ ಗಡಿ. ಅದಕ್ಕಿಂತ ಕಡಿಮೆ ಇದ್ದರೆ ಏನೂ ಆಗುವುದಿಲ್ಲ ಅಂತ ಎಲ್ಲೂ ಬರೆದಿಲ್ಲ. ಮೇಸ್ತ್ರಿಗಳು ಅದನ್ನು ದಿನವಿಡೀ ಹೊರಿಸಬಹುದಾದ ಲೆಕ್ಕ ಅಂದುಕೊಂಡಿದ್ದರೆ ಅದು ತಪ್ಪು.

ಇನ್ನು 25. ಇದು ಬ್ರಿಟನ್ನಿನ ಕೆಲಸದ ಸುರಕ್ಷತಾ ಇಲಾಖೆ ಕೊಟ್ಟ ಮಾರ್ಗದರ್ಶಿ ಲೆಕ್ಕ. ವಿಚಿತ್ರ ಏನೆಂದರೆ ಅಲ್ಲಿನ 1992ರ ನಿಯಮಗಳಲ್ಲಿ ಇಷ್ಟೇ ಕೆಜಿ ಅಂತ ಮಿತಿಯೇ ಇಲ್ಲ. ಕೈಯಲ್ಲಿ ಎತ್ತುವುದನ್ನು ತಪ್ಪಿಸಲು ಆಗುತ್ತಾ ಅಂತ ಮೊದಲು ನೋಡಿ, ಆಗದಿದ್ದರೆ ಅಪಾಯ ಎಷ್ಟಿದೆ ಅಂತ ಅಳೆಯಿರಿ, ಆಮೇಲೆ ಅದನ್ನು ಕಡಿಮೆ ಮಾಡಿ ಅನ್ನುತ್ತದೆ ಆ ನಿಯಮ. ಎಲ್ಲಿ ಸ್ವಲ್ಪ ಹೆಚ್ಚು ಯೋಚಿಸಬೇಕು ಅಂತ ಗೊತ್ತಾಗಲಿ ಅಂತ 25 ಕೊಟ್ಟಿದ್ದಾರೆ. ಅದೂ ಗಂಡಸರಿಗೆ, ಸಮತಟ್ಟಾದ ಜಾಗದಲ್ಲಿ ಗಟ್ಟಿಯಾಗಿ ನಿಂತು, ಎರಡೂ ಕೈಯಲ್ಲಿ, ಮೈಗೆ ಒತ್ತಿಕೊಂಡು, ಸೊಂಟದ ಎತ್ತರದಲ್ಲಿ ಹಿಡಿದಾಗ ಮಾತ್ರ. ಕೈ ಮುಂದಕ್ಕೆ ಚಾಚಿದರೆ ಅದೇ 15ಕ್ಕೆ ಇಳಿಯುತ್ತದೆ. ಭುಜಕ್ಕಿಂತ ಮೇಲೆ ಎತ್ತಬೇಕಾದರೆ 10, ಅಲ್ಲಿಯೂ ಕೈ ಚಾಚಿದರೆ ಬರೀ 5. ನೆಲಮಟ್ಟದಿಂದ ಎತ್ತುವುದಕ್ಕೂ ಹಾಗೇ, 10 ಮತ್ತು 5. ಹೆಂಗಸರಿಗೆ ಸೊಂಟದ ಎತ್ತರದಲ್ಲಿ 16.

ಈಗ ನಿಮ್ಮ ಪೈಪ್ ನೋಡೋಣ. ಸಾರವೆ ಪೈಪಿನ ಹೊರ ಅಳತೆ 48.3 ಮಿಲಿಮೀಟರ್. ದಪ್ಪ 4 ಮಿಮೀ ಇದ್ದರೆ ಮೀಟರಿಗೆ ಸುಮಾರು 4.4 ಕೆಜಿ, 3.2 ಮಿಮೀ ಇದ್ದರೆ 3.6 ಕೆಜಿ ತೂಗುತ್ತದೆ. 6 ಮೀಟರಿನ ದಪ್ಪ ಪೈಪ್ ಒಂದೇ 26 ಕೆಜಿ ಆಯಿತು. ಮೇಸ್ತ್ರಿಯ ಲೆಕ್ಕ ಹಿಡಿದರೆ ಅಂಥ ಎರಡು ಪೈಪ್ ಒಬ್ಬನ ಹೆಗಲಿಗೆ ಹಾಕಿದರೂ ಕಾನೂನು ಮುರಿದಂತಾಗಲ್ಲ. ಬ್ರಿಟನ್ ಲೆಕ್ಕದಲ್ಲಿ ಒಂದೇ ಪೈಪ್ ಎತ್ತುವ ಮೊದಲೂ ಯೋಚಿಸಬೇಕು. ಮೇಲಿನ ಅಂತಸ್ತಿಗೆ ಪೈಪ್ ಕೊಡುವಾಗ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕೆಳಗಿನವನು ಪೈಪನ್ನು ನೆಟ್ಟಗೆ ನಿಲ್ಲಿಸಿ ತಲೆಯ ಮೇಲಕ್ಕೆ ತಳ್ಳುತ್ತಾನೆ, ಮೇಲಿನವನು ಬಗ್ಗಿ, ಕೈ ಚಾಚಿ ಅದನ್ನು ಎಳೆದುಕೊಳ್ಳುತ್ತಾನೆ. 5, 10 ಕೆಜಿ ಅಂತ ಹೇಳಿದ ಜಾಗದಲ್ಲಿ 20 ದಾಟಿದ ಪೈಪ್, ಅದೂ ಹಲಗೆ ಮೇಲೆ ನಿಂತುಕೊಂಡು.

ಕೈ ಚಾಚಿದರೆ ಯಾಕೆ ಇಷ್ಟು ವ್ಯತ್ಯಾಸ? ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ಮಧ್ಯದಿಂದ ಹೆಚ್ಚುಕಡಿಮೆ 5 ಸೆಂಟಿಮೀಟರ್ ಹಿಂದೆ ಇವೆ. ಭಾರ 50 ಸೆಂಟಿಮೀಟರ್ ಮುಂದೆ ಇದ್ದರೆ ಅದನ್ನು ಸರಿದೂಗಿಸಲು ಸ್ನಾಯು ಹತ್ತು ಪಟ್ಟು ಎಳೆಯಬೇಕು. 20 ಕೆಜಿ ಪೈಪಿಗೆ 200 ಕೆಜಿಯ ಎಳೆತ, ಅಷ್ಟೂ ಒತ್ತಡ ಬೆನ್ನುಮೂಳೆಯ ಡಿಸ್ಕ್ ಮೇಲೆ. ಬಗ್ಗಿದಾಗ ನಿಮ್ಮ ಮೈಯ ಭಾರವೂ ಅದಕ್ಕೆ ಸೇರುತ್ತದೆ. ತುಂಬಿದ ಬಿಂದಿಗೆಯನ್ನು ಹೆಂಗಸರು ಸೊಂಟಕ್ಕೆ ಒತ್ತಿಕೊಂಡೇ ತರುತ್ತಾರೆ, ಅಲ್ವಾ? ಅದನ್ನೇ ಮುಂದಕ್ಕೆ ಚಾಚಿ ಹಿಡಿದು ನಾಲ್ಕು ಹೆಜ್ಜೆ ನಡೆದು ನೋಡಿ.

ಇನ್ನೊಂದು ವಿಷಯ. "ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿ" ಅಂತ ಪ್ರತಿ ಸೈಟ್‌ನಲ್ಲೂ ಪೋಸ್ಟರ್ ಇರುತ್ತದೆ. ನೆಲದ ಮೇಲೆ ಪೆಟ್ಟಿಗೆ ಎತ್ತುವವರಿಗೆ ಸರಿ. ಎರಡು ಮೂರು ಹಲಗೆ ಅಗಲದ ಜಾಗದಲ್ಲಿ, ಒಂದು ಕಡೆ ಸೇಫ್ಟಿ ಬೆಲ್ಟಿನ ಹಗ್ಗ, ಇನ್ನೊಂದು ಕಡೆ ಅಡ್ಡಪೈಪ್ ಇರುವಾಗ ಕಾಲಿಡುವುದಕ್ಕೇ ಜಾಗ ಇರುವುದಿಲ್ಲ, ಮೊಣಕಾಲು ಬಗ್ಗಿಸುವುದು ಎಲ್ಲಿಂದ ಬಂತು? ಆ ಪೋಸ್ಟರ್ ಅಂಟಿಸಿ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುವ ಕಾಂಟ್ರಾಕ್ಟರುಗಳನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಎತ್ತುವ ರೀತಿ ಕಲಿಸಿದರೆ ಸಾಲದು, ಎತ್ತುವ ಭಾರವನ್ನೇ ಕಡಿಮೆ ಮಾಡಬೇಕು.

ಅದಕ್ಕೆ ದಾರಿ ಇದೆ, ದೊಡ್ಡ ಖರ್ಚೂ ಇಲ್ಲ. ಮೇಲಕ್ಕೆ ಹೋಗುವ ಪೈಪುಗಳಲ್ಲಿ ಆದಷ್ಟು 3 ಮೀಟರಿನವನ್ನು ಬಳಸಿ. ಒಂದು 11ರಿಂದ 13 ಕೆಜಿ ಇರುತ್ತದೆ, ಒಬ್ಬ ಹಿಡಿಯಬಹುದು. 6 ಮೀಟರಿನದು ಬೇಕೇಬೇಕು ಅಂದರೆ ಎರಡೂ ತುದಿಗೆ ಒಬ್ಬೊಬ್ಬರು ಇರಲಿ, ಯಾವಾಗ ಎತ್ತಬೇಕು ಅಂತ ಅವರಲ್ಲಿ ಒಬ್ಬನೇ ಕೂಗಿ ಹೇಳಲಿ. ಪೈಪುಗಳನ್ನು ಜೋಡಿಸುವ ಕ್ಲಾಂಪ್ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಆದ್ದರಿಂದ ಚೀಲಕ್ಕೆ ಎಣಿಸಿ ಹಾಕಿ. ಹತ್ತೋ ಹದಿನೈದೋ ಸಾಕು. ಸಿಮೆಂಟ್ ಚೀಲದ ತುಂಬ ತುಂಬಿಸಿದರೆ ಅದು ಮತ್ತೆ 50 ಕೆಜಿ ಮೂಟೆಯೇ ಆಗುತ್ತದೆ. ಮಳೆಯಲ್ಲಿ ನೆನೆದ ಮರದ ಹಲಗೆ ನಿನ್ನೆಯ ತೂಕದ್ದಲ್ಲ ಅನ್ನುವುದೂ ನೆನಪಿರಲಿ. ಸಾಮಾನು ಇಳಿಸುವಾಗ ಲಾರಿಯನ್ನು ಸಾರವೆ ಪಕ್ಕಕ್ಕೇ ತರಿಸಿ. ಪೈಪನ್ನು ನೆಲಕ್ಕೆ ಸುರಿಯುವ ಬದಲು ಸೊಂಟದ ಎತ್ತರದ ಸ್ಟ್ಯಾಂಡ್ ಮೇಲೆ ಜೋಡಿಸಿದರೆ ಸಾವಿರ ಸಲ ಬಗ್ಗುವುದು ತಪ್ಪುತ್ತದೆ.

ಎರಡು ಮೂರು ಅಂತಸ್ತು ದಾಟಿದ ಮೇಲೆ ಕೈಯಿಂದ ಕೈಗೆ ಕೊಡುವುದನ್ನು ಬಿಟ್ಟು ರಾಟೆ ಹಾಕಿ. ಒಂದೇ ರಾಟೆ ಹಾಕಿದರೆ ಭಾರ ಕಡಿಮೆಯಾಗುವುದಿಲ್ಲ, 20 ಕೆಜಿಗೆ 20 ಕೆಜಿಗಿಂತ ತುಸು ಜಾಸ್ತಿಯೇ ಎಳೆಯಬೇಕು. ಲಾಭ ಏನೆಂದರೆ ಎಳೆಯುವವನು ನೆಲದ ಮೇಲೆ ಗಟ್ಟಿಯಾಗಿ ನಿಂತಿರುತ್ತಾನೆ, ಮೈಭಾರ ಬಿಟ್ಟು ಕೆಳಕ್ಕೆ ಎಳೆಯುತ್ತಾನೆ. ಆದರೆ ರಾಟೆ ಕಟ್ಟಿದ ಜಾಗಕ್ಕೆ ಭಾರ ದುಪ್ಪಟ್ಟು ಬೀಳುತ್ತದೆ, ಒಂದು ಕಡೆ ಸಾಮಾನು, ಇನ್ನೊಂದು ಕಡೆ ಎಳೆಯುವವನು. ಅದಕ್ಕೇ ಅಡ್ಡಪೈಪಿನ ಹೊರಗೆ ಚಾಚಿದ ತುದಿಗೆ ಸುಮ್ನೆ ಕಟ್ಟಬೇಡಿ. ನಿಲುವು ಪೈಪಿನ ಕ್ಲಾಂಪಿಗೆ ಆದಷ್ಟು ಹತ್ತಿರ ಇರಲಿ, ಆ ಭಾಗದ ಸಾರವೆಯನ್ನು ಗೋಡೆಗೆ ಬಿಗಿದಿರಲಿ. ಪೈಪಿಗೆ ಎರಡು ಕಡೆ ಗಂಟು ಹಾಕಿ, ಕೆಳಗಿನಿಂದ ಇನ್ನೊಂದು ಹಗ್ಗದಲ್ಲಿ ತಿರುಗದಂತೆ ಹಿಡಿಯಿರಿ.

ಕೆಳಗೆ ಓಡಾಟ ಇಲ್ಲದಂತೆ ಮೊದಲೇ ಅಡ್ಡ ಕಟ್ಟಿ. ಆಗ ಪೈಪ್ ಜಾರಿದರೆ ಕೆಳಗೆ ಯಾರೂ ಇರುವುದಿಲ್ಲ, ಮೇಲಿನವನು ಅದನ್ನು ಹಿಡಿಯಲು ಹೋಗಿ ಬೀಳುವ ಬದಲು ಬಿಟ್ಟುಬಿಡಬಹುದು. ಬಿಚ್ಚುವಾಗಲೂ ಪೈಪ್ ಎಸೆಯಬೇಡಿ, ಇಳಿಸಿ. ಮತ್ತೆ ಬೆಂಗಳೂರಿನಂಥ ಊರಲ್ಲಿ ಕಟ್ಟಡದ ಪಕ್ಕದಲ್ಲೇ 11 ಕೆವಿ, ಅಂದರೆ 11,000 ವೋಲ್ಟಿನ ಕರೆಂಟ್ ತಂತಿ ಹೋಗಿರುತ್ತದೆ. ಅಂಥ ಕಡೆ ಪೈಪನ್ನು ನೆಟ್ಟಗೆ ಹಿಡಿದು ಯಾರೂ ನಡೆಯಬಾರದು, ಕರೆಂಟ್ ತೆಗೆಸದೆ ಆ ಬದಿಯ ಕೆಲಸ ಶುರು ಮಾಡಲೂಬಾರದು.

ಗುತ್ತಿಗೆ ಲೆಕ್ಕದಲ್ಲಿ ಕೆಲಸ ಮಾಡುವಾಗ ಇಷ್ಟೆಲ್ಲ ಮಾಡಿದರೆ ಕೂಲಿ ಗಿಟ್ಟುವುದಿಲ್ಲ ಅನ್ನುತ್ತಾರೆ. ಆ ಮಾತು ಸುಳ್ಳಲ್ಲ. ಅದಕ್ಕೇ ರೇಟು ಮಾತಾಡುವಾಗಲೇ ಇನ್ನೊಬ್ಬ ಆಳಿನ ಕೂಲಿ ಮತ್ತು ರಾಟೆ ಸೇರಿಸಿ ಕೇಳಿ. ಕೆಲಸ ಶುರುವಾದ ಮೇಲೆ ಯಾರೂ ಕೊಡುವುದಿಲ್ಲ.

ಎತ್ತುವಾಗ ಸೊಂಟ ಹಿಡಿದರೆ ಅಲ್ಲೇ ಕೆಲಸ ನಿಲ್ಲಿಸಿ, ಮೇಸ್ತ್ರಿಗೆ ಹೇಳಿ, ಸೈಟಿನ ಅಪಘಾತದ ಪುಸ್ತಕದಲ್ಲಿ ಅವತ್ತೇ ಬರೆಸಿ. ಪರಿಹಾರ ಕೇಳುವಾಗ ಅದು ಬೇಕಾಗುತ್ತದೆ. ಜೊತೆಯವರಿಂದ ಬೆನ್ನು ತುಳಿಸಿಕೊಳ್ಳುವುದು, ಎಳೆಸಿಕೊಳ್ಳುವುದು ಬೇಡ. ನೋವಿನ ಜೊತೆ ಕಾಲು ಸೋತರೆ, ತೊಡೆಯ ಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ನಾಳೆವರೆಗೆ ಕಾಯಬೇಡಿ, ಆ ಗಂಟೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ.