ಸಿಆರ್‌ಟಿಗೆ ಮುನ್ನ ಎಕೋದಲ್ಲಿ ಏನನ್ನು ನೋಡಬೇಕು?

ಮಂಡ್ಯದ ಕಡೆ ಕಬ್ಬು ತುಂಬಿದ ಗಾಡಿ ಏರು ಹತ್ತುವುದನ್ನು ಕಂಡವರಿಗೆ ಈ ಪಾಠ ಅರ್ಧ ಗೊತ್ತಿದ್ದಂತೆಯೇ. ಜೋಡಿಯಲ್ಲಿ ಒಂದು ಎತ್ತು ಎಳೆದು ನಿಂತ ಮೇಲೆ ಇನ್ನೊಂದು ಹೆಗಲು ಕೊಟ್ಟರೆ ನೊಗ ಓರೆಯಾಗುತ್ತದೆಯೇ ಹೊರತು ಗಾಡಿ ಮುಂದೆ ಸಾಗದು. ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಎಡಭಾಗಕ್ಕೆ ವಿದ್ಯುತ್ ಸಂಕೇತ ಒಯ್ಯುವ ದಾರಿಯಲ್ಲಿ ತಡೆ) ಇರುವ ಹೃದಯದಲ್ಲಿಯೂ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಾದ ಸೆಪ್ಟಮ್ ಮೊದಲು ಸಂಕುಚಿಸಿ, ಎಡ ಹೃತ್ಕುಕ್ಷಿಯ ಪಾರ್ಶ್ವಗೋಡೆ ತಡವಾಗಿ ಸಂಕುಚಿಸುತ್ತದೆ. ಎರಡನ್ನೂ ಹೊಂದಿಸಿ ಪ್ರಚೋದಿಸುವ ಪೇಸ್‌ಮೇಕರ್ ಚಿಕಿತ್ಸೆಯೇ ಸಿಆರ್‌ಟಿ (ಕಾರ್ಡಿಯಾಕ್ ರಿಸಿಂಕ್ರನೈಸೇಷನ್ ಥೆರಪಿ). ಸುಮಾರು ಮೂರನೇ ಒಂದು ಭಾಗದಷ್ಟು ರೋಗಿಗಳಿಗೆ ಅದರಿಂದ ನಿರೀಕ್ಷಿತ ಫಲ ಸಿಗದಿರುವುದರಿಂದ, ಫಲ ಸಿಗುವವರನ್ನು ಎಕೋದಿಂದ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಿಂದ, ಮೊದಲೇ ಗುರುತಿಸುವ ಪ್ರಯತ್ನ ಬಹುಕಾಲದಿಂದ ನಡೆದಿದೆ.

ಮೊದಮೊದಲು ಎಲ್ಲರೂ ನೆಚ್ಚಿಕೊಂಡದ್ದು ಮಿಲಿಸೆಕೆಂಡುಗಳನ್ನು. ಒಂದೇ ರೇಖೆಯ ಮೇಲಿನ ಚಲನೆಯನ್ನು ಕಾಲಕ್ಕೆ ತಕ್ಕಂತೆ ತೋರಿಸುವ ಎಂ-ಮೋಡ್ ಎಕೋದಲ್ಲಿ ಸೆಪ್ಟಮ್ ಮತ್ತು ಹಿಂಗೋಡೆಯ ಚಲನೆಯ ತುದಿಗಳ ನಡುವೆ 130 ಮಿಲಿಸೆಕೆಂಡ್ ಅಥವಾ ಹೆಚ್ಚು ಅಂತರವಿದ್ದರೆ ಅಸಾಮರಸ್ಯವಿದೆ, ಅಂದರೆ ಗೋಡೆಗಳು ಒಟ್ಟಾಗಿ ಸಂಕುಚಿಸುತ್ತಿಲ್ಲ, ಎನ್ನಲಾಗುತ್ತಿತ್ತು. ಮೈಸೂರಿನಲ್ಲಿ ನಮ್ಮ ಸಂಜೆಯ ಅಭ್ಯಾಸದಲ್ಲಿ ಒಂದೇ ಚಿತ್ರವನ್ನು ಇಬ್ಬರು ಅಳೆದೆವು. ನನಗೆ 140 ಬಂತು, ಗೆಳತಿಗೆ 90. ಸೆಪ್ಟಮ್ ಬಹುತೇಕ ಅಲುಗಾಡದೆ ಇದ್ದುದರಿಂದ ಅದರ ತುದಿ ಯಾವುದೆಂದೇ ನಮಗೆ ತೀರ್ಮಾನಿಸಲಾಗಲಿಲ್ಲ. 2008ರಲ್ಲಿ ಪ್ರಕಟವಾದ ಪ್ರಾಸ್ಪೆಕ್ಟ್ ಅಧ್ಯಯನವು 12 ಎಕೋ ಮಾಪನಗಳನ್ನು ಪರೀಕ್ಷಿಸಿ, ರೋಗಿಗಳ ಆಯ್ಕೆಯನ್ನು ಸುಧಾರಿಸಲು ಅವುಗಳಲ್ಲಿ ಯಾವೊಂದನ್ನೂ ನೆಚ್ಚಲಾಗದೆಂದು ಕಂಡುಕೊಂಡಿತು. ಅಳೆಯುವವರ ನಡುವಿನ ವ್ಯತ್ಯಾಸವೂ ಅಲ್ಲಿ ದೊಡ್ಡದಾಗಿಯೇ ಇತ್ತು. 2013ರ ಎಕೋ-ಸಿಆರ್‌ಟಿ ಪ್ರಯೋಗವಂತೂ ಇನ್ನೂ ಕಟುವಾದ ಪಾಠ: ಇಸಿಜಿಯಲ್ಲಿ ಹೃತ್ಕುಕ್ಷಿಗಳ ಪ್ರಚೋದನೆಯನ್ನು ತೋರಿಸುವ ಕ್ಯೂಆರ್‌ಎಸ್ ಅಲೆ 130 ಮಿಲಿಸೆಕೆಂಡಿಗಿಂತ ಕಿರಿದಾಗಿದ್ದು, ಎಕೋದಲ್ಲಿ ಮಾತ್ರ ಅಸಾಮರಸ್ಯ ಕಂಡವರಲ್ಲಿ ಸಿಆರ್‌ಟಿ ಚಾಲೂ ಮಾಡಿದ ಗುಂಪಿನಲ್ಲೇ ಹೆಚ್ಚು ಸಾವುಗಳಾದವು. ಆದ್ದರಿಂದ ಆಯ್ಕೆಯ ಮೊದಲ ಮಾತು ಇಂದಿಗೂ ಇಸಿಜಿಯದೇ. ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು) 35 ಶೇಕಡಾ ಅಥವಾ ಕಡಿಮೆಯಿದ್ದು, ಎಡ ಬ್ಲಾಕ್ ಜೊತೆಗೆ ಕ್ಯೂಆರ್‌ಎಸ್ 150 ಮಿಲಿಸೆಕೆಂಡ್ ಅಥವಾ ಹೆಚ್ಚಿದ್ದರೆ ಆಧಾರ ಅತ್ಯಂತ ಬಲವಾದದ್ದು.

ಹಾಗೆಂದು ಎಕೋವನ್ನು ಬದಿಗಿಡುವಂತಿಲ್ಲ. ಚಿತ್ರವನ್ನು ನಿಧಾನಗೊಳಿಸಿ ನೋಡಿದರೆ ಸಂಕೋಚನದ ಆರಂಭದಲ್ಲೇ ಸೆಪ್ಟಮ್ ಒಳಕ್ಕೆ ಚಕ್ಕನೆ ಸರಿದು ಹಿಂದಿರುಗುವುದು ಕಾಣಬಹುದು. ಇದು ಸೆಪ್ಟಲ್ ಫ್ಲ್ಯಾಶ್. ನಾಲ್ಕು ಕೋಣೆಗಳ ನೋಟದಲ್ಲಿ ಹೃದಯದ ತುದಿ ಮೊದಲು ಸೆಪ್ಟಮ್ ಕಡೆಗೆ, ಆಮೇಲೆ ಪಾರ್ಶ್ವಗೋಡೆಯ ಕಡೆಗೆ ತೂಗುವುದು ಏಪಿಕಲ್ ರಾಕಿಂಗ್. ಅಳತೆ ಬೇಡದ ಈ ಎರಡು ಲಕ್ಷಣಗಳು ಒಳ್ಳೆಯ ಪ್ರತಿಕ್ರಿಯೆಯೊಂದಿಗೆ ಹೊಂದಿಕೊಂಡಿರುವುದನ್ನು ಅಧ್ಯಯನಗಳು ತೋರಿಸಿವೆ. ನನ್ನ ಮಟ್ಟಿಗೆ, ಕಲಿಯುವವರು ಕಣ್ಣನ್ನು ಪಳಗಿಸಬೇಕಾದದ್ದು ಇಲ್ಲಿಯೇ.

ಗಾಯದ ಕಲೆಯನ್ನೂ ಹುಡುಕಬೇಕು. ಹಿಂದಿನ ಹೃದಯಾಘಾತದಿಂದ ಪಾರ್ಶ್ವಗೋಡೆ ತೆಳುವಾಗಿ, ಹೊಳಪೇರಿ, ದಪ್ಪವಾಗುವುದನ್ನೇ ನಿಲ್ಲಿಸಿದ್ದರೆ, ಅಲ್ಲಿ ಕೂರಿಸಿದ ಪೇಸ್‌ಮೇಕರ್ ತಂತಿ ಕಾಲು ಮುರಿದ ಎತ್ತನ್ನು ಗದರಿಸಿದಂತೆ. ವರದಿ ಬರೆಯುವಾಗ ಆ ಭಾಗ ಯಾವುದೆಂದು ನಿಖರವಾಗಿ ನಮೂದಿಸಿದರೆ, ತಂತಿಯನ್ನು ಎಲ್ಲಿಗೆ ಒಯ್ಯಬಾರದೆಂಬುದು ವೈದ್ಯರಿಗೆ ಮೊದಲೇ ತಿಳಿಯುತ್ತದೆ.