ಪಾಯಸಕ್ಕೆ ವಿಷ ಹಾಕಿಸಿದವನು ಕೊರಿಯಾ ಸೀರಿಯಲ್ ನೋಡಿದಾಗ

ಹದಿನಾಲ್ಕು ವರ್ಷದಿಂದ ಕನ್ನಡ ಸೀರಿಯಲ್‌ಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುತ್ತಿದ್ದೇನೆ. ಪಾಯಸಕ್ಕೆ ವಿಷ ಹಾಕಿಸಿದ್ದೇನೆ, ಮೆಟ್ಟಿಲ ಮೇಲೆ ಎಣ್ಣೆ ಸುರಿಸಿದ್ದೇನೆ, ಸತ್ತ ಗಂಡನನ್ನು ಒಂದೇ ಸೀರಿಯಲ್‌ನಲ್ಲಿ ಎರಡು ಸಲ ಬದುಕಿಸಿದ್ದೇನೆ. ಹಾಗಾಗಿ "ಕೊರಿಯಾ, ಚೀನಾ ಸೀರಿಯಲ್‌ಗಳಲ್ಲಿ ಬರೀ ಕಷ್ಟ, ಕೊಲೆ, ಜನ ಅದನ್ನೆಲ್ಲ ಹೇಗೆ ನೋಡ್ತಾರಪ್ಪಾ" ಅಂತ ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಕಷ್ಟ, ಕೊಲೆಯಲ್ಲಿ ನಾವೇನು ಹಿಂದೆ ಬಿದ್ದಿಲ್ಲ. ಆದರೆ ನಮ್ಮ ಕಥೆಯಲ್ಲಿ ಕೇಡು ಹುಟ್ಟುವುದು ನಾದಿನಿಯ ಮನಸ್ಸಿನಲ್ಲಿ. ಅಲ್ಲಿಯ ಒಳ್ಳೆಯ ಬರಹಗಾರರು ಅದನ್ನು ಹುಡುಕಿಕೊಂಡು ಹೋಗುವುದು ಕಾನೂನಿನ ಪುಸ್ತಕಕ್ಕೆ, ಆಸ್ಪತ್ರೆಯ ಬಿಲ್ಲಿಗೆ, ಕೆಲಸದ ಕಾಂಟ್ರ್ಯಾಕ್ಟಿಗೆ.

2018ರ ಕೊರಿಯಾ ಸೀರಿಯಲ್ ‘ಮೈ ಮಿಸ್ಟರ್’ ತಗೊಳ್ಳಿ. ಬರೆದವರು ಪಾರ್ಕ್ ಹೇ-ಯಂಗ್. ಜಿ-ಆನ್ ಅನ್ನುವ ಹುಡುಗಿ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ತಾತ್ಕಾಲಿಕ ಕೆಲಸದವಳು. ಮನೆಯಲ್ಲಿ ಕಿವಿ ಕೇಳದ, ಮಾತು ಬಾರದ ಅಜ್ಜಿ. ಬೆನ್ನ ಹಿಂದೆ ಸಾಲ ಕೊಟ್ಟವನ ಕಾಟ. ಆಫೀಸಿನ ಕಾಫಿ ಪ್ಯಾಕೆಟ್ ಕದ್ದು ತಂದು, ಅದನ್ನೇ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಾಳೆ. ಬಾಕಿ ಕಟ್ಟಲಾಗದೆ ಆರೈಕೆ ಕೇಂದ್ರದಿಂದ ಅಜ್ಜಿಯನ್ನು ರಾತ್ರೋರಾತ್ರಿ ಮಂಚದ ಸಮೇತ ತಳ್ಳಿಕೊಂಡು ಬರುತ್ತಾಳೆ. ಇಷ್ಟನ್ನು ನಾನೂ ಬರೆದೇನು, ಹಿನ್ನೆಲೆಗೆ ಒಂದು ಕೊಳಲು ಸೇರಿಸಿ ಇನ್ನೂ ಜಾಸ್ತಿ ಅಳಿಸಿಯೇನು.

ನನ್ನ ಕೈಲಿ ಆಗದ್ದು ಆಮೇಲೆ ಬರುತ್ತದೆ. ಆಫೀಸಿನ ಹಿರಿಯ ಡಾಂಗ್-ಹೂನ್‌ಗೆ ಅವಳ ಸ್ಥಿತಿ ಗೊತ್ತಾಗುತ್ತದೆ. ಅವನು ದುಡ್ಡು ಕೊಡುವುದಿಲ್ಲ, ಡೈಲಾಗ್ ಹೊಡೆಯುವುದಿಲ್ಲ. ಅಜ್ಜಿಯನ್ನು ಸಾಕುವ ಕಾನೂನು ಹೊಣೆ ಮೊಮ್ಮಗಳಿಗೆ ಇಲ್ಲ, ವಿಳಾಸ ಬೇರೆ ಮಾಡಿಸಿ ಅರ್ಜಿ ಹಾಕಿದರೆ ಅಜ್ಜಿಗೆ ಪುಕ್ಕಟೆ ಆರೈಕೆ ಸಿಗುತ್ತದೆ ಅಂತ ಹೇಳಿ, ಇದನ್ನು ನಿನಗೆ ಹೇಳುವವರೂ ಇರಲಿಲ್ವಾ ಅಂತ ಕೇಳುತ್ತಾನೆ. ಅಷ್ಟೇ ದೃಶ್ಯ. ಇಷ್ಟು ದಿನದ ಕಳ್ಳತನ, ಹಸಿವು, ಓಟ ಎಲ್ಲ ಒಂದು ಅರ್ಜಿಯ ವಿಷಯ ಗೊತ್ತಿಲ್ಲದ್ದಕ್ಕೆ ಅಂತ ಆಗ ಹೊಳೆಯುತ್ತದೆ. ಬಯ್ಯೋಣ ಅಂದರೆ ಎದುರಿಗೆ ಯಾರೂ ಇಲ್ಲ. ನಾನು ಅಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತಿದ್ದೆ.

‘ಮೈ ಮಿಸ್ಟರ್’ ನಿರ್ದೇಶಕ ಕಿಮ್ ವನ್-ಸೋಕ್ ಎರಡು ವರ್ಷ ಮೊದಲು ಮಾಡಿದ್ದು ‘ಸಿಗ್ನಲ್’. ಕಿಮ್ ಉನ್-ಹೀ ಬರೆದದ್ದು. ಹಳೆಯ ವಾಕಿಟಾಕಿಯಲ್ಲಿ ಇಂದಿನ ಪೊಲೀಸ್ ಹಿಂದಿನ ಕಾಲದ ಪೊಲೀಸ್ ಜೊತೆ ಮಾತಾಡುತ್ತಾನೆ, ಅಂದರೆ ಪಕ್ಕಾ ಕಟ್ಟುಕಥೆ. ಆದರೂ ಅದು ನಿಜ ಅನ್ನಿಸುತ್ತದೆ, ಯಾಕೆಂದರೆ ಕಥೆಯನ್ನು ಓಡಿಸುವುದು ಒಂದು ನಿಜವಾದ ಕಾನೂನು. ಕೊರಿಯಾದಲ್ಲಿ ಕೊಲೆ ಕೇಸಿಗೂ ಕಾಲಮಿತಿ ಇತ್ತು, ಅಷ್ಟರೊಳಗೆ ಕೇಸು ಹಾಕದಿದ್ದರೆ ಆಮೇಲೆ ಕೊಲೆಗಾರನನ್ನು ಮುಟ್ಟುವ ಹಾಗಿರಲಿಲ್ಲ. ಮೊದಲು 15 ವರ್ಷ, 2007ರಲ್ಲಿ 25 ಆಯಿತು, 2015ರಲ್ಲಿ ತೆಗೆದುಹಾಕಿದರು. ನಮ್ಮಲ್ಲಿ ಕೊಲೆಗೆ ಇಂಥ ಗಡುವು ಇಲ್ಲ, ಅದಕ್ಕೇ ಮೊದಲ ಎಪಿಸೋಡುಗಳಲ್ಲಿ ಗಡಿಯಾರ ನೋಡಿಕೊಂಡು ಪೊಲೀಸರು ಪಡುವ ಪಾಡು ನಮಗೆ ಒಂದೇಟಿಗೆ ಅರ್ಥವಾಗುವುದಿಲ್ಲ. ಗಡುವಿನ ದಿನ ರಾತ್ರಿ 12 ಹೊಡೆದರೆ ಕೊಲೆಗಾರ ನಿಮ್ಮ ಮುಂದೆಯೇ ಎದ್ದು ಹೋಗಬಹುದು.

ಈ ಸೀರಿಯಲ್ ನೆಚ್ಚಿಕೊಂಡ ನಿಜವಾದ ಪ್ರಕರಣಗಳಲ್ಲಿ ಒಂದು ಕೊರಿಯಾದ ಹ್ವಾಸಂಗ್ ಅನ್ನುವ ಊರಿನದು. 1986ರಿಂದ 1991ರವರೆಗೆ 10 ಹೆಂಗಸರು ಕೊಲೆಯಾದರು. 2006ಕ್ಕೆ ಗಡುವು ಮುಗಿಯಿತು. ಸೀರಿಯಲ್ ಬಂದು ಮೂರು ವರ್ಷವಾದ ಮೇಲೆ, 2019ರಲ್ಲಿ, ಡಿಎನ್‌ಎ ಹೊಂದಿ ಕೊಲೆಗಾರ ಸಿಕ್ಕ. ಅವನು 1994ರಲ್ಲಿ ತನ್ನ ನಾದಿನಿಯನ್ನು ಕೊಂದು ಆಗಲೇ ಜೈಲಿನಲ್ಲಿದ್ದ. ಹ್ವಾಸಂಗ್ ಕೊಲೆಗಳಿಗೆ ಅವನ ಮೇಲೆ ಕೇಸು ನಡೆಸಲಾಗಲಿಲ್ಲ. ಆ ಹತ್ತರಲ್ಲಿ ಒಂದು ಕೊಲೆಗೆ ಬೇರೊಬ್ಬ ಸುಮಾರು 20 ವರ್ಷ ಜೈಲಿನಲ್ಲಿ ಕೊಳೆತಿದ್ದ, 2020ರಲ್ಲಿ ಮರುವಿಚಾರಣೆಯಾಗಿ ನಿರ್ದೋಷಿ ಅಂತ ತೀರ್ಪಾಯಿತು. ಇದನ್ನು ಕಥೆಯಾಗಿ ಬರೆದುಕೊಂಡು ಹೋಗಿದ್ದರೆ ನಮ್ಮ ಚಾನಲ್‌ನವರು ಅತಿಯಾಯ್ತು ಸರ್ ಅನ್ನುತ್ತಿದ್ದರು.

‘ಸ್ಕ್ವಿಡ್ ಗೇಮ್’ ಎಲ್ಲರೂ ನೋಡಿದ್ದೀರಿ, ಜಾಸ್ತಿ ಹೇಳುವುದಿಲ್ಲ. ಆದರೆ ನಾಯಕ ಕೆಲಸ ಕಳೆದುಕೊಂಡ ಕಾರು ಫ್ಯಾಕ್ಟರಿಯ ಕಥೆಗೆ ಆಧಾರ 2009ರ ಸಾಂಗ್‌ಯಾಂಗ್ ಮೋಟಾರ್ ಮುಷ್ಕರ. 77 ದಿನ ನಡೆಯಿತು. ಆ ಕಂಪನಿಯನ್ನು ಆಮೇಲೆ 2011ರಲ್ಲಿ ಕೊಂಡದ್ದು ನಮ್ಮ ಮಹೀಂದ್ರಾ!

ಚೀನಾದ ಲೆಕ್ಕ ಬೇರೆ. 2004ರಲ್ಲೇ ಅಲ್ಲಿನ ಸರ್ಕಾರ ಅಪರಾಧದ ಸೀರಿಯಲ್‌ಗಳನ್ನು ಪ್ರೈಮ್‌ಟೈಮ್‌ನಿಂದ ಎತ್ತಿಬಿಟ್ಟಿತ್ತು. ಈಗ ಆನ್‌ಲೈನ್‌ನಲ್ಲಿ ಬರುತ್ತವೆ, ಆದರೆ ಪೂರ್ತಿ ಶೂಟ್ ಮಾಡಿ ಮೊದಲು ಸರ್ಕಾರಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕು, ತಪ್ಪಿತಸ್ಥ ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ಕಟ್ಟುಪಾಡಿನ ಒಳಗೇ 2023ರಲ್ಲಿ ‘ದಿ ಲಾಂಗ್ ಸೀಸನ್’ ಬಂತು, 12 ಎಪಿಸೋಡ್. 90ರ ದಶಕದ ಕೊನೆಗೆ ಸರ್ಕಾರಿ ಉಕ್ಕಿನ ಕಾರ್ಖಾನೆ ಜನರನ್ನು ಹೊರಗೆ ಹಾಕುತ್ತದೆ. ರೈಲು ಓಡಿಸುತ್ತಿದ್ದವನು ಮುದುಕನಾಗಿ ಟ್ಯಾಕ್ಸಿ ಓಡಿಸುತ್ತಾನೆ. ಕೊಲೆಯೂ ಇದೆ, ಆದರೆ ಇಡೀ ಕಥೆ ಹೆಚ್ಚಾಗಿ ನಡೆಯುವುದು ಚಿನ್ನದಂಥ ಬಿಸಿಲಿನಲ್ಲಿ. ಭೀಕರ ಅಂದರೆ ಮಳೆ, ರಾತ್ರಿ, ನೀಲಿ ಲೈಟು ಅಂತ ನಂಬಿರುವ ನಮ್ಮ ಕ್ಯಾಮೆರಾದವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಇನ್ನೊಂದು ಕಸುಬಿನ ವಿಷಯ. ‘ಮೈ ಮಿಸ್ಟರ್’, ‘ಸಿಗ್ನಲ್’ ಎರಡೂ 16 ಎಪಿಸೋಡ್, ವಾರಕ್ಕೆ ಎರಡು. ಕೊನೆ ಎಲ್ಲಿ ಅಂತ ಗೊತ್ತಿದ್ದರೆ ಪಾತ್ರವನ್ನು ಎಷ್ಟು ಬೇಕಾದರೂ ಕೆಳಗೆ ಇಳಿಸಬಹುದು. ನನಗೆ ಕೊನೆ ಗೊತ್ತಿರುವುದಿಲ್ಲ, ಗುರುವಾರ ಬರುವ ಟಿಆರ್‌ಪಿ ಮಾತ್ರ ಗೊತ್ತು.

ಹೋದ ವರ್ಷ ಒಂದು ಪ್ರಯತ್ನ ಮಾಡಿದೆ. ನಾಯಕಿಯ ತಾಯಿ ವಿಧವಾ ವೇತನಕ್ಕೆ ನಾಡಕಚೇರಿಗೆ ಅಲೆಯುವ ಟ್ರ್ಯಾಕ್, ಮೂರು ಎಪಿಸೋಡ್. ಓದಿ ಮುಗಿಸಿದ ಚಾನಲ್‌ನ ಹುಡುಗ, "ಸರ್, ಇದರಲ್ಲಿ ವಿಲನ್ ಯಾರು?" ಅಂದ.

"ಯಾರೂ ಇಲ್ಲಪ್ಪ. ಆಧಾರ್‌ನಲ್ಲಿ ಹೆಸರು ತಪ್ಪಾಗಿದೆ, ಅಷ್ಟೇ."

ಅವನು ಪಾಪ ಒಳ್ಳೆಯ ಹುಡುಗ, ತುಂಬಾ ಹೊತ್ತು ಯೋಚನೆ ಮಾಡಿದ. ಕೊನೆಗೆ ಆ ಅರ್ಜಿಯನ್ನು ಕದ್ದು ಸುಟ್ಟದ್ದು ನಾಯಕಿಯ ನಾದಿನಿ ಅಂತ ಆಯಿತು. ಸುಡುವ ದೃಶ್ಯ ನಾನೇ ಬರೆದೆ. ಆ ವಾರ ನಮ್ಮ ಟಿಆರ್‌ಪಿ ಏರಿತು.