ಗಂಡು ಮರಿ ಇದ್ದರೆ ಹೇಳಿ ಅನ್ನುವವರಿಗೆ

ಪ್ರಶ್ನೆ: ನಮ್ಮ ಮನೆಗೆ ಒಂದು ನಾಟಿ ನಾಯಿ ಮರಿ ಬೇಕಿತ್ತು. ಗಂಡು ಇದ್ದರೆ ಮಾತ್ರ ಹೇಳಿ. ಯಾವಾಗ ಕೇಳಿದರೂ ನಿಮ್ಮಲ್ಲಿ ಹೆಣ್ಣು ಮರಿಗಳೇ ಇರುತ್ತವಲ್ಲ, ಯಾಕೆ?

ಎಲ್ಲರೂ ಗಂಡೇ ಕೇಳುತ್ತಾರೆ, ಅದಕ್ಕೆ. ಒಂದು ಸೂಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು ಹುಟ್ಟುತ್ತವೆ. ಗಂಡು ಮರಿಗಳನ್ನು ಬೀದಿಯವರೇ ಆರಿಸಿಕೊಳ್ಳುತ್ತಾರೆ. ಉಳಿದವನ್ನು ರಟ್ಟಿನ ಡಬ್ಬಕ್ಕೆ ಹಾಕಿ ಕೋಳಿ ಅಂಗಡಿ ಪಕ್ಕದಲ್ಲೋ, ಮಾರ್ಕೆಟ್ ಹಿಂದೆಯೋ, ಬಿಟ್ಟುಹೋದ ನಾಯಿಗಳನ್ನು ಸಾಕಿ ಮನೆ ಹುಡುಕಿ ಕೊಡುವ ನಮ್ಮಂಥವರ ಗೇಟಿನ ಮುಂದೆಯೋ ಇಟ್ಟು ಹೋಗುತ್ತಾರೆ. ಬೆಳಿಗ್ಗೆ ಡಬ್ಬ ತೆರೆದರೆ ಜಂತುಹುಳದಿಂದ ಹೊಟ್ಟೆ ಉಬ್ಬಿದ, ಕಿವಿ ತುಂಬ ಉಣ್ಣಿ ಹತ್ತಿದ ಮರಿಗಳು. ಎಲ್ಲವೂ ಹೆಣ್ಣು.

ಯಾಕೆ ಬೇಡ ಅಂತ ಕೇಳಿದರೆ ಬೆಂಗಳೂರಿನ ಯಾವ ಬಡಾವಣೆಯವರಾದರೂ ಒಂದೇ ಉತ್ತರ ಕೊಡುತ್ತಾರೆ. ‘ವರ್ಷಕ್ಕೆ ಎರಡು ಸಲ ಮರಿ ಹಾಕುತ್ತೆ, ಗಂಡು ನಾಯಿಗಳೆಲ್ಲ ಮನೆ ಮುಂದೆ ಬಂದು ಕೂರುತ್ತವೆ.’ ಇದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ! ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಮನೆಯವರಿಗೂ ಓದಿ ಹೇಳಿ.

ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ಆಮೇಲೆ ಸುಮಾರು ಆರು ತಿಂಗಳಿಗೊಮ್ಮೆ, ಎರಡು ಮೂರು ವಾರ. ಗಂಡು ನಾಯಿಗಳು ಬರುವುದು ಆ ದಿನಗಳಲ್ಲಿ ಮಾತ್ರ. ಆಪರೇಷನ್ ಮಾಡಿಸಿದರೆ ಆ ದಿನಗಳೇ ಇರುವುದಿಲ್ಲ. ಡಾಕ್ಟರು ಹೊಟ್ಟೆಯ ಮೇಲೋ ಪಕ್ಕೆಯಲ್ಲೋ ಸಣ್ಣದಾಗಿ ಕೊಯ್ದು ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯುತ್ತಾರೆ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕೋನ್ ಹಾಕಬೇಕು. ಹತ್ತು ಹದಿನಾಲ್ಕು ದಿನಕ್ಕೆ ಗಾಯ ಮಾಯುತ್ತದೆ. ಆಮೇಲೆ ಬೆದೆ ಇಲ್ಲ, ರಕ್ತ ಇಲ್ಲ, ಮರಿ ಇಲ್ಲ. ಹದಿನೈದು ವರ್ಷ ಬದುಕುವ ಪ್ರಾಣಿಯನ್ನು ಇಷ್ಟು ಸಣ್ಣ ಕೆಲಸಕ್ಕೆ ಹೆದರಿ ಬೇಡ ಅನ್ನುವುದು ಸರಿಯಾ?

‘ಒಂದು ಸಲ ಮರಿ ಹಾಕಲಿ, ಪಾಪ, ಆಮೇಲೆ ಮಾಡಿಸ್ತೀವಿ’ ಅನ್ನುವವರೂ ಇದ್ದಾರೆ. ಆ ಒಂದು ಸೂಲಿನಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಬೇಗ ಆಪರೇಷನ್ ಆದ ನಾಯಿಗೆ ಮೊಲೆಯ ಗಡ್ಡೆ ಬರುವುದು ತೀರಾ ಕಡಿಮೆ. ಮಾಡಿಸದೆ ಬಿಟ್ಟರೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಬಹುದು. ಬೆದೆ ಮುಗಿದ ಕೆಲವು ವಾರಕ್ಕೆ ನಾಯಿ ಊಟ ಬಿಟ್ಟು ಬರೀ ನೀರು ಕುಡಿಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಓಡಿ. ತಡವಾದರೆ ಜೀವ ಹೋಗುತ್ತದೆ.

ಕಾವಲಿಗೆ ಹೆಣ್ಣು ಆಗಲ್ಲ ಅನ್ನುವುದೂ ಸುಳ್ಳು. ಗೇಟಿನ ಸದ್ದಿಗೆ ಎದ್ದು ಬೊಗಳುವುದು ನಾಟಿ ನಾಯಿಯ ಸ್ವಭಾವ, ಗಂಡಾಗಲಿ ಹೆಣ್ಣಾಗಲಿ. 1957ರಲ್ಲಿ ಬಾಹ್ಯಾಕಾಶಕ್ಕೆ ಹೋದ ಲೈಕಾ ಮಾಸ್ಕೋದ ಬೀದಿಯ ಹೆಣ್ಣು ನಾಯಿ. 1960ರಲ್ಲಿ ಭೂಮಿಯನ್ನು ಸುತ್ತಿ ಜೀವಂತ ವಾಪಸ್ ಬಂದ ಬೆಲ್ಕಾ, ಸ್ಟ್ರೆಲ್ಕಾ ಕೂಡ ಹೆಣ್ಣೇ.

ಗಂಡಿಗಾಗಿ ನೀವು ಕಾಯುವಾಗ ಇಲ್ಲಿ ಏನಾಗುತ್ತದೆ ಗೊತ್ತಾ? ಮರಿಗಳಿಗೆ ಆರೆಂಟು ವಾರಕ್ಕೆ ಶುರುವಾಗುವ ಲಸಿಕೆ ನಾಲ್ಕು ತಿಂಗಳ ಹತ್ತಿರದವರೆಗೂ ನಡೆಯುತ್ತದೆ. ಅಷ್ಟರೊಳಗೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಂದರೆ ವಾಂತಿ, ರಕ್ತಭೇದಿ. ಒಂದಕ್ಕೆ ಬಂದರೆ ಜೊತೆಯಲ್ಲಿರುವವಕ್ಕೂ ಹರಡುತ್ತದೆ. ಹತ್ತಾರು ನಾಯಿ ಇರುವ ಜಾಗ ಎಷ್ಟು ತೊಳೆದರೂ ಒಂದು ಮನೆಯಷ್ಟು ಸುರಕ್ಷಿತ ಆಗುವುದಿಲ್ಲ. ಉಳಿದುಕೊಂಡ ಮರಿಗೆ ನಾಲ್ಕೈದು ತಿಂಗಳಾಯಿತು ಅಂದರೆ ‘ದೊಡ್ಡದಾಯ್ತಲ್ಲ’ ಅಂತ ಯಾರೂ ಕೇಳುವುದಿಲ್ಲ.

ಗಂಡು ತಂದವರು ಆಪರೇಷನ್ ಮಾತೇ ಎತ್ತುವುದಿಲ್ಲ. ನೀವೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಗಂಡಿಗೂ ಮಾಡಿಸಲೇಬೇಕು. ದೂರದ ಬೀದಿಯಲ್ಲಿ ಬೆದೆಗೆ ಬಂದ ನಾಯಿಯ ವಾಸನೆ ಹಿಡಿದು ಕಾಂಪೌಂಡ್ ಹಾರಿ ಓಡುವುದು ಗಂಡೇ. ಕಚ್ಚಾಡಿ ಕಿವಿ ಹರಿದುಕೊಳ್ಳುತ್ತದೆ, ಗಾಡಿಗೆ ಸಿಗುತ್ತದೆ, ದಾರಿ ತಪ್ಪುತ್ತದೆ. ಕೂಡುವಾಗ ಅಂಟುವ ಒಂದು ಗಡ್ಡೆ ರೋಗವೂ ಇದೆ, ಬೀದಿ ನಾಯಿಗಳಲ್ಲಿ ಜಾಸ್ತಿ. ಗಂಡಿಗೆ ಹೊಟ್ಟೆ ಕೊಯ್ಯಬೇಕಾಗಿಲ್ಲ, ಹಾಗಾಗಿ ಇದು ಇನ್ನೂ ಸುಲಭ.

ಎರಡು ತಿಂಗಳ ಮರಿ ಕೊಟ್ಟ ಮೇಲೆ ಆರನೇ ತಿಂಗಳಿಗೆ ನಾವು ಫೋನ್ ಮಾಡುವುದು ಇದಕ್ಕೇ. ಸುಮ್ನೆ ಕಾಟ ಕೊಡುತ್ತಾರೆ ಅಂತ ಕಟ್ ಮಾಡಬೇಡಿ. ಯಾವ ದಿನ ಮಾಡಿಸ್ತೀರಿ ಅಂತ ಹೇಳಿ. ಡಾಕ್ಟರ್ ಗೊತ್ತಿಲ್ಲದಿದ್ದರೆ ನಾವೇ ಹೇಳುತ್ತೇವೆ, ಜೊತೆಗೂ ಬರುತ್ತೇವೆ.